ಚಲನಚಿತ್ರ ಸರಣಿಗಳಲ್ಲಿ ಭಾವೀ ಖಳನಾಯಕರ ಊಹೆ

ಅತಿಮಾನುಷ ಶಕ್ತಿಯುಳ್ಳ ನಾಯಕನೊಬ್ಬನನ್ನು ಕೇಂದ್ರವಾಗಿರಿಸಿಕೊಂಡು ಒಂದರ ಬೆನ್ನಿಗೊಂದರಂತೆ ತೆರೆಗೆ ಬರುವ ಚಲನಚಿತ್ರಗಳ ಸರಣಿಯಲ್ಲಿ, ಮುಂದಣ ಭಾಗದ ಪ್ರತಿನಾಯಕನು ಯಾರು, ಆ ಪಾತ್ರವನ್ನು ವಹಿಸತಕ್ಕ ನಟನು ಯಾರು, ನಾಯಕನಿಗೂ ಅವನಿಗೂ ಇರುವ ವೈರದ ಮೂಲವೇನು ಎಂಬ ಪ್ರಶ್ನೆಗಳನ್ನು ಹಿಡಿದುಕೊಂಡು, ಚಿತ್ರ ಸಿದ್ಧವಾಗುವ ಮೊದಲೇ ಅಭಿಮಾನಿಗಳು ನಡೆಸುವ ತರ್ಕ, ವಾಗ್ವಾದ, ಪಂದ್ಯಗಳೆಲ್ಲವೂ ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಕನ್ನಡದ ಅಭಿಮಾನಿವರ್ಗದಲ್ಲಿ ಇದಕ್ಕೆ ಥಿಯರಿ ಬಿಡುವುದು, ಡಿಕೋಡ್ ಮಾಡುವುದು ಎಂಬ ಮಾತುಗಳು ಬಳಕೆಯಲ್ಲಿವೆ. ಖಳನಾಯಕನನ್ನು ಅಲ್ಲಿ ವಿಲನ್ ಎಂದೇ ಕರೆಯುವುದು ರೂಢಿ. ಕಟ್ಟುನಿಟ್ಟಾದ ಅರ್ಥದಲ್ಲಿ ಅತಿಮಾನುಷ ನಾಯಕರ ದೀರ್ಘ ಸರಣಿಯೊಂದು ಕನ್ನಡದಲ್ಲಿ ಇನ್ನೂ ನೆಲೆಗೊಂಡಿಲ್ಲವಾದರೂ, ‘ಕೆ.ಜಿ.ಎಫ್.’, ‘ಕಾಂತಾರ’ಗಳಂಥ ಚಿತ್ರಗಳ ನಾಯಕರು ಸಾಮಾನ್ಯ ಮನುಷ್ಯರ ಅಳತೆಯನ್ನು ಮೀರಿದವರೇ ಆದುದರಿಂದ, ಅವನ್ನು ಬಿಟ್ಟು ಈ ವಿಷಯವನ್ನು ಕುರಿತು ಮಾತನಾಡುವಂತಿಲ್ಲ.

ಇಂಥ ಊಹೆ ಹುಟ್ಟಬೇಕಾದರೆ ಕಥೆ ತನ್ನ ಕೊನೆಯಲ್ಲಿ ಏನನ್ನಾದರೂ ಬಾಕಿ ಉಳಿಸಿರಬೇಕು. ಒಬ್ಬನೇ ನಾಯಕ ಹಲವು ಚಿತ್ರಗಳಲ್ಲಿ ಮರಳಿ ಬರುವುದು ಕನ್ನಡಕ್ಕೆ ಹೊಸತೇನಲ್ಲ. ದೊರೈ-ಭಗವಾನ್ ಜೋಡಿ 1968ರ ‘ಜೇಡರ ಬಲೆ’ಯಿಂದ ಮೊದಲುಮಾಡಿ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ರಾಜಕುಮಾರರನ್ನು ಸಿ.ಐ.ಡಿ. 999 ಎಂಬ ಗೂಢಚಾರನನ್ನಾಗಿ ಮತ್ತೆ ಮತ್ತೆ ತೆರೆಯ ಮೇಲೆ ನಿಲ್ಲಿಸಿತು. ಆದರೆ ಆ ಚಿತ್ರಗಳ ದುಷ್ಟಕೂಟ ಆಯಾ ಚಿತ್ರದೊಡನೆಯೇ ನಾಶವಾಗುತ್ತಿದ್ದುದರಿಂದ, ಪ್ರೇಕ್ಷಕನು ಮನೆಗೆ ಕೊಂಡೊಯ್ಯುವ ಪ್ರಶ್ನೆಯೊಂದೂ ಉಳಿಯುತ್ತಿರಲಿಲ್ಲ. ಮುಂದೆ ವಜ್ರಮುನಿ, ತೂಗುದೀಪ ಶ್ರೀನಿವಾಸರಂಥ ನಟರ ಕಾಲದಲ್ಲಂತೂ ಅವರು ತೆರೆಯ ಮೇಲೆ ಕಾಣಿಸಿಕೊಂಡೊಡನೆ ಖಳನಾರೆಂಬುದು ನಿರ್ವಿವಾದವಾಗಿ ಇತ್ಯರ್ಥವಾಗುತ್ತಿದ್ದಿತು. ಊಹೆಗೆ ಅಲ್ಲಿ ಎಡೆಯೆಲ್ಲಿ?

ಅಮೆರಿಕದ ಚಿತ್ರೋದ್ಯಮ ಈ ಬಾಕಿಯನ್ನು ಬೇಕೆಂದೇ ಉಳಿಸುವ ಪದ್ಧತಿಯನ್ನು ಒಂದು ವ್ಯವಸ್ಥೆಯನ್ನಾಗಿ ಬೆಳೆಸಿತು. 2005ರ ‘ಬ್ಯಾಟ್‌ಮನ್ ಬಿಗಿನ್ಸ್’ ಚಿತ್ರದ ಕೊನೆಯಲ್ಲಿ ಪೊಲೀಸ್ ಅಧಿಕಾರಿ ನಾಯಕನ ಕೈಗೆ ಕೊಡುವ ಒಂದು ಇಸ್ಪೀಟಿನ ಎಲೆ, ಮೂರು ವರ್ಷಗಳ ಅನಂತರ ಬರಲಿದ್ದ ಜೋಕರ್ ಪಾತ್ರಕ್ಕೆ ಮುನ್ನುಡಿಯಾಯಿತು. 2012ರ ‘ದಿ ಅವೆಂಜರ್ಸ್’ ಮುಗಿದು ಹೆಸರುಗಳ ಪಟ್ಟಿ ಓಡುತ್ತಿರುವಾಗ ಒಂದು ಕ್ಷಣ ಮುಖ ತಿರುಗಿಸಿ ನಕ್ಕ ಖಳನಾಯಕ ಥಾನೋಸ್, ತನ್ನ ಪೂರ್ಣ ಪರಾಕ್ರಮವನ್ನು ಮೆರೆಯಲು 2018ರವರೆಗೆ ಕಾಯಬೇಕಾಯಿತು. ಈ ನಡುವಣ ಆರು ವರ್ಷಗಳಲ್ಲಿ ಅಭಿಮಾನಿಗಳಿಗೆ ಆಧಾರವಾಗಿದ್ದುದು ಚಿತ್ರಗಳಿಗಿಂತ ಹಳೆಯವಾದ ಕಾಮಿಕ್ ಪುಸ್ತಕಗಳು. ಥಾನೋಸ್ 1973ರಲ್ಲಿಯೇ ಅವುಗಳಲ್ಲಿ ಅವತರಿಸಿದ್ದವನು. ಪೂರ್ವಗ್ರಂಥವನ್ನು ಬಲ್ಲವನಿಗೆ ಊಹೆ ಸುಲಭವೆಂದು ತೋರಬಹುದಾದರೂ, ಆ ಬಲವೇ ಎಷ್ಟೋ ವೇಳೆ ದಾರಿ ತಪ್ಪಿಸಿದ್ದುಂಟು. 2021ರ ‘ವಾಂಡಾವಿಷನ್’ ಧಾರಾವಾಹಿಯ ಪ್ರತಿ ಕಂತಿನಲ್ಲಿಯೂ ಮೆಫಿಸ್ಟೊ ಎಂಬ ಪಿಶಾಚಪ್ರಭುವಿನ ಗುರುತುಗಳನ್ನು ಹುಡುಕಿ ತೆಗೆದ ಅಭಿಮಾನಿಗಳಿಗೆ, ಕೊನೆಗೆ ಎದುರಾದ ಖಳಶಕ್ತಿ ಮೊದಲ ಕಂತಿನಿಂದಲೂ ಮನೆಯೊಳಗೆ ಬಂದು ಹೋಗುತ್ತಿದ್ದ ನೆರೆಮನೆಯ ಹೆಂಗಸು ಅಗಾಥಾ. ಮೆಫಿಸ್ಟೊ ಬಂದುದು 2025ರಲ್ಲಿ, ‘ಐರನ್‌ಹಾರ್ಟ್’ ಎಂಬ ಬೇರೊಂದು ಧಾರಾವಾಹಿಯಲ್ಲಿ, ಆ ವೇಳೆಗೆ ಅವನನ್ನು ನಿರೀಕ್ಷಿಸುವವರು ವಿರಳರಾಗಿದ್ದರು. ಕಥೆಯ ಹೊರಗಿನ ಲೋಕವೂ ಊಹೆಗಳನ್ನು ತಲೆಕೆಳಗು ಮಾಡಬಲ್ಲದು: ಕಾಂಗ್ ಎಂಬ ಖಳನನ್ನು ನೆಚ್ಚಿಕೊಂಡು ಯೋಜಿಸಿದ್ದ ಚಿತ್ರವನ್ನು, ಆ ಪಾತ್ರದ ನಟ ಜೊನಾಥನ್ ಮೇಜರ್ಸ್ 2023ರ ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲಿ ದೋಷಿಯೆಂದು ತೀರ್ಮಾನವಾದ ಬಳಿಕ ಮಾರ್ವೆಲ್ ಸಂಸ್ಥೆ ಕೈಬಿಟ್ಟು, ಮರುವರ್ಷದ ಜುಲೈ ತಿಂಗಳಲ್ಲಿ ಡಾಕ್ಟರ್ ಡೂಮ್ ಎಂಬ ಮತ್ತೊಬ್ಬ ಖಳನನ್ನು ಘೋಷಿಸಿತು. ಆ ವೇಷ ರಾಬರ್ಟ್ ಡೌನಿ ಜೂನಿಯರ್‌ಗೆ, ಎಂದರೆ ಹನ್ನೊಂದು ವರ್ಷಕಾಲ ಅದೇ ಸರಣಿಯ ಅಗ್ರನಾಯಕನಾಗಿದ್ದವನಿಗೇ ಸಲ್ಲುವುದೆಂಬುದನ್ನು ಊಹಿಸಿದವರು ಬಹಳ ಮಂದಿ ಇದ್ದಂತೆ ತೋರುವುದಿಲ್ಲ.

ಇದೆಲ್ಲವೂ ಪಶ್ಚಿಮದಿಂದ ಬಂದ ಹೊಸ ಹುಚ್ಚೆಂದು ತಳ್ಳಿಹಾಕುವವರು, ಖಳನ ಆಗಮನವನ್ನು ತಡಮಾಡಿ ಸಭೆಯನ್ನು ಕೆಣಕುವ ಕಲೆ ಸಹ್ಯಾದ್ರಿಯ ಪಡುವಣ ಮಗ್ಗುಲಿನಲ್ಲಿ ಬಹುಕಾಲದಿಂದ ಇದ್ದುದನ್ನು ಮರೆಯುತ್ತಾರೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸಪಾತ್ರವಾದ ಬಣ್ಣದ ವೇಷ ನೇರವಾಗಿ ರಂಗಕ್ಕೆ ಬರುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಅದರ ಅಟ್ಟಹಾಸ ಕೇಳಿಸುತ್ತದೆ, ಅನಂತರ ಕಿರೀಟದ ಅಂಚು ತೋರುತ್ತದೆ, ಆಮೇಲೆ ತೆರೆಯನ್ನು ಹಿಡಿದ ಬೆರಳುಗಳು, ಚೆಂಡೆಯ ಪೆಟ್ಟಿಗೆ ಸರಿಯಾಗಿ ಒಮ್ಮೆ ಮಿಂಚಿ ಮರೆಯಾಗುವ ಮುಖ. ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು ಗಂಟೆಗಟ್ಟಲೆ ಕುಳಿತು ಬರೆದ ಆ ಮುಖವನ್ನು ಪೂರ್ತಿಯಾಗಿ ಕಾಣಲು ಸಭೆ ಸಾಕಷ್ಟು ಹೊತ್ತು ಕಾಯಬೇಕು. ಬಂದವನು ಯಾವ ರಾಕ್ಷಸನೆಂಬುದನ್ನು ಪ್ರಸಂಗದ ಹೆಸರೇ ಹೇಳಿರುತ್ತದೆಯಾದ ಕಾರಣ, ಆಟಕ್ಕೆ ಹೊರಡುವವರ ಪ್ರಶ್ನೆ ಖಳನಾರೆಂಬುದಲ್ಲ, ಇಂದಿನ ಬಣ್ಣ ಯಾರದೆಂಬುದು. ಕಾಸರಗೋಡಿನ ಕಡೆಯ ಚಂದ್ರಗಿರಿ ಅಂಬು, ಬಣ್ಣದ ಮಾಲಿಂಗ ಮೊದಲಾದವರ ಕೀರ್ತಿ ಈ ಪ್ರಶ್ನೆಯ ಮೇಲೆಯೇ ನಿಂತದ್ದು.

ಘಟ್ಟದ ಕೆಳಗಣ ಕಥಕಳಿಯ ತಿರನೋಟ್ಟವೂ ಇಂಥದೇ ಪದ್ಧತಿ. ಕೊಡಗಿನ ವಿರಾಜಪೇಟೆಯಿಂದ ಪೆರುಂಬಾಡಿಯ ಮಾರ್ಗವಾಗಿ ದಟ್ಟಾರಣ್ಯದ ತಿರುವುಗಳಲ್ಲಿ ಇಳಿದು, ಮಾಕುಟ್ಟದ ತನಿಖಾಠಾಣೆಯನ್ನು ಹಾಯ್ದು, ಕೂಟ್ಟುಪುಳದ ಸೇತುವೆಯನ್ನು ದಾಟಿದರೆ ಸಿಗುವ ಇರಿಟ್ಟಿ, ತಲಶ್ಶೇರಿಗಳ ಸೀಮೆ ಹಿಂದೆ ಮಲಬಾರಿನ ಕೋಟ್ಟಯಂ ಅರಸರದು. ಆ ಮನೆತನದ ಕೋಟ್ಟಯತ್ತು ತಂಬುರಾನ್ ರಚಿಸಿದ ನಾಲ್ಕು ಕಥಕಳಿ ಕೃತಿಗಳಲ್ಲಿ ‘ಬಕವಧಂ’, ‘ಕಿರ್ಮೀರವಧಂ’, ‘ನಿವಾತಕವಚ ಕಾಲಕೇಯವಧಂ’ ಎಂಬ ಮೂರು ಖಳನ ಹೆಸರನ್ನೂ ಅವನ ಗತಿಯನ್ನೂ ಶೀರ್ಷಿಕೆಯಲ್ಲಿಯೇ ಸಾರಿಬಿಡುತ್ತವೆ. ಕಥೆಯನ್ನು ಮುಚ್ಚಿಡುವುದರಲ್ಲಿ ಆ ಕವಿಗೆ ಆಸಕ್ತಿಯಿರಲಿಲ್ಲ; ಕುತೂಹಲವೆಲ್ಲ ಖಳನು ತೆರೆಯ ಮೇಲ್ಭಾಗದಿಂದ ಮುಖವೆತ್ತಿ ನೋಡುವ ಆ ಗಳಿಗೆಯಲ್ಲಿ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಕನ್ನಡ ಅಭಿಮಾನಿಗಳ ಇಂದಿನ ಊಹಾಪೋಹದ ಸ್ವಭಾವ ಸ್ಪಷ್ಟವಾಗುತ್ತದೆ: ವೇಷವನ್ನು ಅದು ಬಹುಮಟ್ಟಿಗೆ ಸರಿಯಾಗಿ ಹಿಡಿಯುತ್ತದೆ, ಆದರೆ ವೇಷವಿಲ್ಲದೆ ಸಭೆಯಲ್ಲಿ ಕುಳಿತ ಶಕುನಿಯನ್ನು ಪದೇ ಪದೇ ಕೈಬಿಡುತ್ತದೆ.

ಇದಕ್ಕೆ ಪ್ರಮುಖ ನಿದರ್ಶನ ‘ಕೆ.ಜಿ.ಎಫ್.’ ಸರಣಿ. ಪ್ರಶಾಂತ್ ನೀಲ್ ನಿರ್ದೇಶಿಸಿ, ವಿಜಯ್ ಕಿರಗಂದೂರು ಅವರ ಹೊಂಬಾಳೆ ಫಿಲಂಸ್ ನಿರ್ಮಿಸಿದ ಇದರ ಮೊದಲ ಭಾಗ 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ತೆರೆಕಂಡಿತು. ಆ ಭಾಗದ ಖಳನಾದ ಗರುಡನ ಪಾತ್ರಕ್ಕೆ ಬಂದವರು ರಾಮಚಂದ್ರ ರಾಜು. ನಾಯಕನಟ ಯಶ್ ಅವರ ಅಂಗರಕ್ಷಕರಾಗಿದ್ದ ಅವರಿಗೆ ಅದು ಪ್ರಥಮ ಚಿತ್ರವಾದುದರಿಂದ, ಚಿತ್ರ ಬರುವ ಮುನ್ನ ಆ ಪಾತ್ರವನ್ನು ಕುರಿತು ಊಹಿಸಲು ಯಾರಿಗೂ ಆಧಾರವಿರಲಿಲ್ಲ, ಊಹಿಸುವ ಹಂಬಲವೂ ಇರಲಿಲ್ಲ. ಚಿತ್ರ ಗೆದ್ದ ಬಳಿಕ ಪರಿಸ್ಥಿತಿ ಬದಲಾಯಿತು. ನರಾಚಿ ಗಣಿಯ ಒಡೆಯ ಸೂರ್ಯವರ್ಧನನ ತಮ್ಮ ಅಧೀರನು ಮೊದಲ ಭಾಗದಲ್ಲಿ ಹೆಸರಾಗಿ, ಭಯವಾಗಿ ಸುಳಿದನೇ ಹೊರತು ಮುಖವನ್ನು ತೋರಿಸಲಿಲ್ಲ. ಗರುಡನು ಹತನಾದ ಮೇಲೆ ಸಿಂಹಾಸನ ತನ್ನದೆಂದು ಬರತಕ್ಕವನು ಅವನೇ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲದಿದ್ದ ಕಾರಣ, ಗಾಂಧಿನಗರದ ಚಹಾದಂಗಡಿಗಳಿಂದ ಹಿಡಿದು ಪತ್ರಿಕೆಗಳ ಸಿನಿಮಾ ಪುಟಗಳವರೆಗೆ ವಾದವೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತಿತು: ಅಧೀರ ಯಾರು, ಎಂದರೆ ಯಾವ ನಟ?

ನಿರ್ಮಾಪಕರು ಈ ಪ್ರಶ್ನೆಯನ್ನು ತಣಿಸುವ ಬದಲು ಪೋಷಿಸಿದರು. 2019ರ ಜುಲೈ ಕೊನೆಯ ವಾರದಲ್ಲಿ ಹೊರಬಂದ ಭಿತ್ತಿಚಿತ್ರದಲ್ಲಿ ಮುಖವಿರಲಿಲ್ಲ. ದಪ್ಪನೆಯ ಉಂಗುರ ತೊಟ್ಟ ಮುಷ್ಟಿಯೊಂದು ಮಾತ್ರ, ಜೊತೆಗೆ 29ನೆಯ ತಾರೀಖಿಗೆ ಕಾಯಿರೆಂಬ ಸೂಚನೆ. ಜುಲೈ 29 ಹಿಂದಿ ನಟ ಸಂಜಯ್ ದತ್ ಅವರ ಜನ್ಮದಿನವೆಂಬುದನ್ನು ಬಲ್ಲ ಅಭಿಮಾನಿಗಳಿಗೆ ಇನ್ನೇನೂ ಬೇಕಾಗಲಿಲ್ಲ. ಯಕ್ಷಗಾನದ ತೆರೆಯಂಚಿನಲ್ಲಿ ಕಾಣುವ ಬೆರಳುಗಳನ್ನು ಬಲ್ಲ ನಾಡಿನಲ್ಲಿ ಈ ಮುಷ್ಟಿಗೆ ದೊರೆತ ಸ್ವಾಗತ ಆಶ್ಚರ್ಯಕರವಲ್ಲ. ಪೂರ್ಣ ವೇಷ ಹೊರಬೀಳಲು ಮತ್ತೊಂದು ವರ್ಷ ಹಿಡಿಯಿತು. 2020ರ ಅದೇ ಜನ್ಮದಿನದಂದು ಹೆಣೆದ ಕೂದಲು, ಕೆನ್ನೆಯ ಹಚ್ಚೆ, ಕೈಯಲ್ಲಿ ಮಹಾಖಡ್ಗಗಳೊಡನೆ ಅಧೀರನು ಕಾಣಿಸಿಕೊಂಡನು. ಎರಡನೆಯ ಭಾಗ ಮಹಾಮಾರಿಯ ಕಾಲದ ವಿಘ್ನಗಳನ್ನು ದಾಟಿ 2022ರ ಏಪ್ರಿಲ್ 14ರಂದು ಬಿಡುಗಡೆಯಾಯಿತು. ಹೀಗೆ ಮೂರು ವರ್ಷಗಳ ಊಹೆಯೆಲ್ಲ ಒಬ್ಬ ಅಧೀರನ ಮೇಲೆಯೇ ನೆಟ್ಟಿದ್ದಿತು. ಚಿತ್ರದಲ್ಲಿಯಾದರೋ ಅಧೀರನ ವಧೆಯಾದ ಬಳಿಕವೂ ಕಥೆ ಮುಗಿಯುವುದಿಲ್ಲ. ಮೊದಲ ಭಾಗದಿಂದಲೂ ಬಿಳಿಯ ಉಡುಪಿನಲ್ಲಿ ಸಭೆಗಳ ನಡುವೆ ಮೆಲುಮಾತನಾಡುತ್ತ ಕುಳಿತಿದ್ದ ಗುರುಪಾಂಡ್ಯನೆಂಬ ರಾಜಕಾರಣಿಯೇ ಒಳಗಿನಿಂದ ಸೂತ್ರ ಹಿಡಿದವನೆಂದು ತಿಳಿದು, ನಾಯಕನಾದ ರಾಕಿ ಸಂಸತ್ ಭವನಕ್ಕೇ ನುಗ್ಗಿ ಅವನನ್ನು ಕೊಲ್ಲುತ್ತಾನೆ. ಅಚ್ಯುತ್ ಕುಮಾರ್ ಅಷ್ಟು ಸಹಜವಾಗಿ ನಿರ್ವಹಿಸಿದ ಆ ಪಾತ್ರಕ್ಕೆ ಉಂಗುರದ ಮುಷ್ಟಿಯ ಭಿತ್ತಿಚಿತ್ರವಾಗಲಿ ಜನ್ಮದಿನದ ಘೋಷಣೆಯಾಗಲಿ ಇರಲಿಲ್ಲ. ಪ್ರಾಯಶಃ ಆದಕಾರಣವೇ ಅದು ಊಹೆಯ ಕಣ್ಣಿಗೆ ಬೀಳಲಿಲ್ಲ.

ಚಿತ್ರದ ಕಟ್ಟಕಡೆಯಲ್ಲಿ, ರಾಕಿ ಹದಿನಾರು ದೇಶಗಳಲ್ಲಿ ಎಸಗಿದ ಅಪರಾಧಗಳ ಕಡತವನ್ನು ಅಮೆರಿಕದ ಗುಪ್ತಚರ ಸಂಸ್ಥೆಯ ಅಧಿಕಾರಿ ಪ್ರಧಾನಿ ರಮಿಕಾ ಸೇನ್‌ಗೆ ಒಪ್ಪಿಸುವುದೂ, ಮೂರನೆಯ ಅಧ್ಯಾಯದ ಹಸ್ತಪ್ರತಿಯೊಂದು ಕಾಣಿಸಿಕೊಳ್ಳುವುದೂ ಹೊಸ ತರ್ಕಗಳಿಗೆ ದಾರಿಮಾಡಿತು. ಕಡಲ ಪಾಲಾದ ನಾಯಕ ಬದುಕಿದ್ದಾನೆಯೆ, ಬದುಕಿದ್ದರೆ ಇನ್ನು ಅವನಿಗೆ ಎದುರಾಳಿ ವಿದೇಶದ ಸರ್ಕಾರವೆ, ಸ್ವದೇಶದ್ದೆ? ಇದರೊಡನೆ ಮತ್ತೊಂದು ಎಳೆಯೂ ಸೇರಿಕೊಂಡಿತು. ಪ್ರಶಾಂತ್ ನೀಲ್ ಅವರದೇ ‘ಸಲಾರ್’ ಚಿತ್ರದ ಟೀಸರನ್ನು 2023ರ ಜುಲೈ 6ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಬಿಡುಗಡೆಮಾಡಿದಾಗ, ಅಂಥ ವಿಚಿತ್ರ ವೇಳೆಯನ್ನು ಆರಿಸಿದ್ದೇಕೆಂದು ಕೇಳಿಕೊಂಡ ಅಭಿಮಾನಿಗಳು, ರಾಕಿಯ ಹಡಗಿನ ಮೇಲೆ ದಾಳಿ ನಡೆದದ್ದೂ ಆ ಹೊತ್ತಿಗೇ ಎಂದು ಸಾಧಿಸಿ, ಎರಡು ಕಥೆಗಳೂ ಒಂದೇ ಲೋಕಕ್ಕೆ ಸೇರಿದವೆಂದೂ ಒಂದರ ನಾಯಕನು ಇನ್ನೊಂದರ ಪ್ರತಿನಾಯಕನಾಗುವನೆಂದೂ ಸಿದ್ಧಾಂತ ಕಟ್ಟಿದರು. ನಿರ್ದೇಶಕರು ಎರಡಕ್ಕೂ ಸಂಬಂಧವಿಲ್ಲವೆಂದು ಹೇಳಿದರು. ಆದರೆ ಈ ಕ್ಷೇತ್ರದಲ್ಲಿ ನಿರಾಕರಣೆಯನ್ನು ಒಪ್ಪಿಗೆಯ ಇನ್ನೊಂದು ರೂಪವೆಂದೇ ತಿಳಿಯುವುದು ವಾಡಿಕೆ. ‘ಸಲಾರ್’ನ ಎರಡನೆಯ ಭಾಗದ ವೈರಿ ಯಾರೆಂಬುದನ್ನು ಸರಿಯಾಗಿ ಹೇಳಬಲ್ಲವರು ಗಡಿಯಾರವನ್ನು ನೋಡಿದವರಲ್ಲ, 2014ರ ‘ಉಗ್ರಂ’ ಚಿತ್ರವನ್ನು ನೋಡಿದವರು; ಆ ಕಥೆಯನ್ನೇ ವಿಸ್ತರಿಸಿ ಹೇಳಿರುವುದಾಗಿ ನಿರ್ದೇಶಕರೇ ತಿಳಿಸಿದ್ದಾರೆ.

2025ರ ಅಕ್ಟೋಬರ್ 2ರಂದು ತೆರೆಗೆ ಬಂದ ‘ಕಾಂತಾರ: ಅಧ್ಯಾಯ 1’ರಲ್ಲಿಯೂ ಇದೇ ಪರಿ ಕಾಣಬರುತ್ತದೆ. ಬಿಡುಗಡೆಗೆ ಮುಂಚೆ ಕುಲಶೇಖರನೆಂಬ ಅರಸುಮಗನ ಪಾತ್ರದಲ್ಲಿ ಗುಲ್ಶನ್ ದೇವಯ್ಯನವರ ಚಿತ್ರವನ್ನು ಪ್ರಕಟಿಸಿದಾಗ, ಖಳನು ಯಾರೆಂಬ ವಿಚಾರ ಮುಗಿಯಿತೆಂದೇ ಬಹುಮಂದಿ ಭಾವಿಸಿದರು. ಕೊಡವ ಮನೆತನದ ನಟರೊಬ್ಬರು ಬಹುಕಾಲ ಹಿಂದಿ ಚಿತ್ರಗಳಲ್ಲಿ ದುಡಿದು ಕನ್ನಡಕ್ಕೆ ಬಂದುದು ಕೊಡಗಿನಲ್ಲಿ ಸಹಜವಾಗಿಯೇ ಹೆಮ್ಮೆಯ ವಿಷಯ. ಆದರೆ ಕುಲಶೇಖರನು ಬಹಿರಂಗ ವೈರಿ ಮಾತ್ರ. ನಾಯಕನ ಪ್ರೀತಿಗೆ ಪಾತ್ರಳಾಗಿ, ಮಧುರವಾಗಿ ಮಾತನಾಡುತ್ತ ನಡೆದುಬರುವ ರುಕ್ಮಿಣಿ ವಸಂತರ ಕನಕವತಿಯೇ ಕೊನೆಯಲ್ಲಿ ನಿಜವಾದ ಪ್ರತಿಪಕ್ಷವಾಗಿ ನಿಲ್ಲುತ್ತಾಳೆ. ವೇಷ ಹಾಕಿ ಬಂದವನನ್ನು ಗುರುತಿಸಿದ ಅಭಿಮಾನಿ, ಸಭೆಯಲ್ಲಿ ಕುಳಿತವಳನ್ನು ಗುರುತಿಸಲಿಲ್ಲ.

ಮಾಕುಟ್ಟದ ದಾರಿ ಈ ವಿಷಯಕ್ಕೆ ಇನ್ನೊಂದು ಕಡೆಯಿಂದಲೂ ಸಂಬಂಧಪಟ್ಟದ್ದು. ಬೆಂಗಳೂರಿಗೂ ಕಣ್ಣೂರಿಗೂ ನಡುವೆ ಓಡಾಡುವ ಬಸ್ಸುಗಳು ಹಾಯುವ ಈ ಗಡಿಯಲ್ಲಿ ಕೊಡವ ತಕ್ಕ್, ಮಲೆಯಾಳ, ಕನ್ನಡ ಮೂರೂ ಕಿವಿಗೆ ಬೀಳುವ ಮಾತುಗಳು. ಮಲೆಯಾಳಿಗರ ಬೆಂಗಳೂರು ಪ್ರಯಾಣದ ಒಂದು ಹೆದ್ದಾರಿ ಇದು. 2025ರ ಆಗಸ್ಟ್ 28ರಂದು ಬಿಡುಗಡೆಯಾದ ಮಲೆಯಾಳದ ‘ಲೋಕಾ: ಅಧ್ಯಾಯ ಒಂದು – ಚಂದ್ರ’ ಎಂಬ ಅತಿಮಾನುಷ ಸರಣಿಯ ಪ್ರಥಮ ಚಿತ್ರದ ಕಥೆ ನಡೆಯುವುದು ಬೆಂಗಳೂರಿನಲ್ಲಿ. ಡೊಮಿನಿಕ್ ಅರುಣ್ ನಿರ್ದೇಶಿಸಿ, ದುಲ್ಕರ್ ಸಲ್ಮಾನರ ವೇಫೇರರ್ ಫಿಲಂಸ್ ನಿರ್ಮಿಸಿದ ಇದರ ನಾಯಿಕೆ, ಕೇರಳದ ಐತಿಹ್ಯಗಳಲ್ಲಿ ಯಕ್ಷಿಯೆಂದು ಪ್ರಸಿದ್ಧಳಾದ ಕಳ್ಳಿಯಂಕಾಟ್ಟು ನೀಲಿ. ಕಲ್ಯಾಣಿ ಪ್ರಿಯದರ್ಶನ್ ವಹಿಸಿದ ಪಾತ್ರ. ಖಳನಾದರೋ ನಾಚಿಯಪ್ಪ ಗೌಡನೆಂಬ ಬೆಂಗಳೂರಿನ ಪೊಲೀಸ್ ಇನ್‌ಸ್ಪೆಕ್ಟರ್, ನೃತ್ಯ ನಿರ್ದೇಶಕ ಸ್ಯಾಂಡಿ ನಟಿಸಿದ್ದು. ಚಿತ್ರದ ಒಂದು ಸಂಭಾಷಣೆ ಕರ್ನಾಟಕದ ಜನರ ಮನಸ್ಸನ್ನು ನೋಯಿಸಿತೆಂಬ ಆಕ್ಷೇಪಣೆ ಎದ್ದಾಗ, ನಿರ್ಮಾಣಸಂಸ್ಥೆ ಕ್ಷಮೆ ಯಾಚಿಸಿ, ಆ ಮಾತನ್ನು ತೆಗೆಯುವುದಾಗಿ ತಿಳಿಸಿತು. ಖಳನ ಊರು, ಹೆಸರು, ಭಾಷೆಗಳು ಗಡಿಯ ಈಚೆಗೆ ಬಂದೊಡನೆ ಬೇರೆ ತೂಕವನ್ನು ಪಡೆಯುತ್ತವೆಂಬುದಕ್ಕೆ ಇದು ಮೊದಲ ದೃಷ್ಟಾಂತವೇನೂ ಅಲ್ಲ. ಕಟ್ಟಪ್ಪನು ಬಾಹುಬಲಿಯನ್ನೇಕೆ ಕೊಂದನೆಂಬ ಪ್ರಶ್ನೆಗೆ 2015ರಿಂದ ಉತ್ತರ ಕಾಯುತ್ತಿದ್ದ ಪ್ರೇಕ್ಷಕರಲ್ಲಿ ಕರ್ನಾಟಕದವರಿಗೆ ಆ ಉತ್ತರ 2017ರಲ್ಲಿ ತಪ್ಪಿಹೋಗುವ ಸಂಭವವಿದ್ದಿತು. ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ಹಲವು ವರ್ಷಗಳ ಹಿಂದೆ ಕಾವೇರಿಯ ವಿವಾದದಲ್ಲಿ ಆಡಿದ್ದ ಮಾತುಗಳಿಗಾಗಿ ಕನ್ನಡ ಸಂಘಟನೆಗಳು ಪ್ರತಿಭಟಿಸಿ, ಆತ ವಿಷಾದ ವ್ಯಕ್ತಪಡಿಸಿದ ಮೇಲೆಯೇ ಚಿತ್ರದ ದಾರಿ ಸುಗಮವಾಯಿತು.

‘ಲೋಕಾ’ದ ಮುಂದಣ ಖಳನ ವಿಚಾರ ಇದಕ್ಕಿಂತ ಸ್ವಾರಸ್ಯಕರ. ಮೊದಲ ಚಿತ್ರದ ಕೊನೆಯಲ್ಲಿ ಟೊವಿನೊ ಥಾಮಸ್ ಚಾತ್ತನೆಂಬ ಅತಿಮಾನುಷನಾಗಿ ಬಂದು, ತನಗೆ 389 ಮಂದಿ ಸೋದರರಿದ್ದಾರೆಂದು ಸೂಚಿಸಿ ಹೋಗುತ್ತಾನೆ. ಸೆಪ್ಟೆಂಬರ್ 27ರಂದು ಹೊರಬಂದ ಎರಡನೆಯ ಅಧ್ಯಾಯದ ಘೋಷಣೆಯಲ್ಲಿ, ಮೈಕೇಲ್ ಎಂಬ ಹೆಸರಿನ ಈ ಚಾತ್ತನೂ ಐತಿಹ್ಯಗಳ ಮಾಟಗಾರ ಒಡಿಯನ್ ಆದ ಚಾರ್ಲಿಯೂ ಕುಡಿಯುತ್ತ ಹರಟುವ ನಡುವೆ, ತನ್ನಂತೆ ಹಗುರ ಸ್ವಭಾವದವನಲ್ಲದ ಉಗ್ರ ಸೋದರನೊಬ್ಬನ ಸುದ್ದಿ ಬರುತ್ತದೆ; ಹೀಗೆ ನಾಯಕನ ಮುಖವೇ ಖಳನ ಮುಖವೂ ಆಗುವುದೆಂಬ ಊಹೆಗೆ ಬಲ ಬಂದಿತು. ಕೇರಳದ ನಗರಗಳ ಯುವಕರಿಗೆ ಚಾತ್ತನು ಅಜ್ಜಿಯ ಕಥೆಯ ಪಾತ್ರವಾಗಿರಬಹುದು. ಕೊಡಗಿನಲ್ಲಿಯಾದರೆ ಮುತ್ತಪ್ಪನ್ ದೇವಸ್ಥಾನಗಳ ತೆರೆ (ದೈವವೇಷ) ಮಹೋತ್ಸವಗಳಲ್ಲಿ ಕುಟ್ಟಿಚಾತನ ತೆರೆ ಇಂದಿಗೂ ಕಟ್ಟುತ್ತಾರೆ, ಹರಕೆ ಹೊತ್ತವರು ಅದರ ಮುಂದೆ ಕೈಮುಗಿದು ನಿಲ್ಲುತ್ತಾರೆ. ಅದೇ ಉತ್ಸವದ ಸಾಲಿನಲ್ಲಿ ‘ಕಾಂತಾರ’ದ ಮೂಲಕ ಹೊರನಾಡಿಗೆ ಪರಿಚಿತನಾದ ಗುಳಿಗನ ತೆರೆಯೂ ಬರುತ್ತದೆ. ಎರಡು ಭಾಷೆಗಳ ಎರಡು ಮಹಾಸರಣಿಗಳ ಅತಿಮಾನುಷರು ಒಂದೇ ಅಂಗಳದಲ್ಲಿ ಒಂದೇ ರಾತ್ರಿ ಕಾಣಸಿಗುವ ಈ ಸೀಮೆಯಲ್ಲಿ, ಇವರಲ್ಲಿ ನಾಯಕನಾರು ಖಳನಾರು ಎಂಬ ಪ್ರಶ್ನೆಯೇ ಅಸಂಬದ್ಧವೆನಿಸುತ್ತದೆ. ದೈವವು ಉಗ್ರವಾಗುವುದೂ ಒಲಿಯುವುದೂ ನಡೆದುಕೊಳ್ಳುವವರ ನಡತೆಯನ್ನು ಅವಲಂಬಿಸಿದ್ದು. ದೈವವನ್ನು ಖಳನನ್ನಾಗಿ ಚಿತ್ರಿಸಹೊರಟವರು ಈ ಭಕ್ತಿಯನ್ನು ಲಘುವಾಗಿ ತೆಗೆದುಕೊಳ್ಳದಿರುವುದು ಲೇಸು.

ಊಹೆಯ ಮತ್ತೊಂದು ಶಾಖೆ ಕಥೆಯನ್ನು ಬದಿಗೊತ್ತಿ ನಟನ ಬೆಲೆಯನ್ನು ಮಾತ್ರ ಎಣಿಸುವಂಥದು. ಹಿಂದಿಯ ‘ಬ್ರಹ್ಮಾಸ್ತ್ರ’ದ ಮೊದಲ ಭಾಗ 2022ರಲ್ಲಿ ಬಂದಾಗ, ಮುಂದಿನ ಭಾಗದ ದೇವ್ ಎಂಬ ಪಾತ್ರಕ್ಕೆ ಹೃತಿಕ್ ರೋಷನ್, ರಣವೀರ್ ಸಿಂಗ್‌ರ ಹೆಸರುಗಳೊಡನೆ ಯಶ್ ಅವರ ಹೆಸರೂ ತೇಲಿಬಂದು, ನಿರ್ಮಾಪಕ ಕರಣ್ ಜೋಹರ್ ಅದನ್ನು ಅಲ್ಲಗಳೆಯಬೇಕಾಯಿತು. ಯಶ್ ಮುಂದೆ ಒಪ್ಪಿಕೊಂಡದ್ದು ನಿತೇಶ್ ತಿವಾರಿಯವರ ‘ರಾಮಾಯಣ’ದಲ್ಲಿ ರಾವಣನ ಪಾತ್ರವನ್ನು. ಖಳನ ಜಾತಕವೆಲ್ಲ ಹಳ್ಳಿಯ ಮಗುವಿಗೂ ತಿಳಿದಿರುವ ಆ ಕಥೆಯಲ್ಲಿ ಉಳಿದಿದ್ದ ಏಕೈಕ ಪ್ರಶ್ನೆಯೂ ಅದರಿಂದ ಪರಿಹಾರವಾಯಿತು.

ಪ್ರಶ್ನೆಯನ್ನೇ ಉಳಿಸದ ಸರಣಿಯೂ ಒಂದುಂಟು. ಅಶ್ವಿನ್ ಕುಮಾರ್ ನಿರ್ದೇಶಿಸಿ, ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ 2025ರ ಜುಲೈ 25ರಂದು ತೆರೆಕಾಣುವ ಮುನ್ನವೇ, ಅವತಾರಗಳ ಕ್ರಮದಲ್ಲಿ ಎರಡು ವರ್ಷಕ್ಕೊಂದರಂತೆ ಬರಲಿರುವ ಉಳಿದ ಚಿತ್ರಗಳ ಪಟ್ಟಿಯನ್ನು ಪ್ರಕಟಿಸಲಾಯಿತು. ಹಿರಣ್ಯಕಶಿಪುವಿನ ತರುವಾಯ ಕಾರ್ತವೀರ್ಯ, ರಾವಣ, ಕಂಸರು ಬರುವರೆಂಬುದನ್ನು ಊಹಿಸಲು ಯಾರೂ ಟೀಸರುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕಾಗಿಲ್ಲ. ಹಾಗಿದ್ದೂ ಚಿತ್ರಮಂದಿರಗಳು ತುಂಬಿದುವೆಂಬುದು, ಗೌಪ್ಯವೇ ಸರಣಿಯ ಜೀವವೆಂದು ನಂಬಿರುವ ನಿರ್ಮಾಪಕರು ಯೋಚಿಸಬೇಕಾದ ಸಂಗತಿ. ಆ ಪಟ್ಟಿಯಲ್ಲಿ ಇನ್ನೂ ನಡೆಯದಿರುವ ಅವತಾರ ಕಲ್ಕಿಯೊಂದೇ. ಅದರ ಎರಡನೆಯ ಭಾಗವನ್ನು 2037ಕ್ಕೆ ಗೊತ್ತುಮಾಡಿದ್ದಾರೆ.